ಎರಡು ವರ್ಷದ ಮಗು ದಿಢೀರನೆ ನಿದ್ದೆ ಬಿಟ್ಟರೆ: ರಾತ್ರಿ ಎರಡು ಗಂಟೆಗೆ ಏಳೋದು ಯಾರು?

ಒಂದು ಮಂಗಳವಾರ ರಾತ್ರಿ 1:40ಕ್ಕೆ ನಮ್ಮ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಒಂದು ವ್ಯವಸ್ಥೆ ಕುಸಿದುಬಿತ್ತು. ಆಗ ನನ್ನ ಮಗಳಿಗೆ 22 ತಿಂಗಳು. ಅಲ್ಲಿಯವರೆಗೆ ಒಂಬತ್ತೂವರೆಗೆ ಮಲಗಿದರೆ ಬೆಳಗ್ಗೆ ಆರೂವರೆಗೆ ಏಳುತ್ತಿದ್ದವಳು ಆವತ್ತು ನಡುರಾತ್ರಿ ಎದ್ದು ಕೂತು 'ಬೇಡಾ' ಅಂತ ಕಿರುಚೋಕೆ ಶುರು ಮಾಡಿದಳು. ಏನು ಬೇಡ ಕಂದ ಅಂದರೆ ಅದಕ್ಕೂ 'ಬೇಡಾ'. ನೀರು ಬೇಡ, ಹಾಲು ಬೇಡ, ಅಪ್ಪ ಅಂತೂ ಬೇಡವೇ ಬೇಡ. ಎರಡೂಮುಕ್ಕಾಲಿಗೆ ಮಲಗಿದಳು. ನಾಲ್ಕಕ್ಕೆ ಮತ್ತೆ ಎದ್ದಳು. ಹೊಟ್ಟೆನೋವಿರಬೇಕು, ಒಂದು ರಾತ್ರಿ ತಾನೇ ಅಂದುಕೊಂಡೆವು. ಅದು ಐದು ವಾರ ನಡೆಯಿತು.

ಮೂರನೇ ದಿನಕ್ಕೆ ಅರಸೀಕೆರೆಯಿಂದ ಅಮ್ಮನ ಫೋನು. 'ದೃಷ್ಟಿ ಆಗಿರುತ್ತೆ ಕಣೋ, ಉಪ್ಪು-ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿ ಅಂತ ಅವಳಿಗೆ ಹೇಳು.' ಅವಳಿಗೆ, ಅಂದರೆ ನನ್ನ ಹೆಂಡತಿಗೆ. ಪಕ್ಕದ ಮನೆ ಆಂಟಿ ಹೇಳಿದ್ದು: 'ಹಗಲೆಲ್ಲ ಡೇ ಕೇರ್‌ನಲ್ಲಿ ಬಿಟ್ಟರೆ ಇನ್ನೇನಾಗುತ್ತೆ, ರಾತ್ರಿಯಾದರೂ ಅಮ್ಮ ಬೇಕು ಅಂತ ಎದ್ದೇಳುತ್ತೆ.' ಇಂಟರ್ನೆಟ್ ಇದಕ್ಕೆ 'ಸ್ಲೀಪ್ ರಿಗ್ರೆಷನ್' ಅಂತ ಹೆಸರಿಟ್ಟು, ಕೆಳಗೆ ಸಾವಿರಾರು ರೂಪಾಯಿಯ ಆನ್‌ಲೈನ್ ಕೋರ್ಸ್ ಒಂದರ ಲಿಂಕ್ ಕೊಟ್ಟಿತ್ತು. ಒಂದು ಕಡೆ ದೃಷ್ಟಿ, ಇನ್ನೊಂದು ಕಡೆ ಕೋರ್ಸು. ಎರಡರಲ್ಲೂ ತಪ್ಪು ಒಬ್ಬಳದ್ದೇ, ಸರಿ ಮಾಡಬೇಕಾದವಳೂ ಅವಳೇ.

ನಾನು ಓದಿದ್ದು ಇಂಜಿನಿಯರಿಂಗ್. ಅದರಲ್ಲಿ ಇವತ್ತಿಗೂ ನನ್ನ ಜೊತೆ ಉಳಿದಿರೋ ಪಾಠ ಒಂದೇ: ಚೆನ್ನಾಗಿ ಓಡುತ್ತಿದ್ದ ಸಿಸ್ಟಂ ದಿಢೀರನೆ ಕೆಟ್ಟರೆ ಮೊದಲು ಬೈಯಬೇಡ, ಲಾಗ್ ತೆಗೆ. ಹಾಗಾಗಿ ಮೊಬೈಲ್‌ನಲ್ಲಿ ಒಂದು ಶೀಟ್ ತೆರೆದೆ. ಎಷ್ಟಕ್ಕೆ ಮಲಗಿದಳು, ಎಷ್ಟಕ್ಕೆ ಎದ್ದಳು, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದಳು, ಏನು ತಿಂದಳು. ಆ ಶೀಟ್‌ನಿಂದ ಏನು ಸಿಕ್ಕಿತು ಅನ್ನೋದಕ್ಕೆ ಮುಂಚೆ, ಮಗು ಮಲಗೋದು ಹೇಗೆ ಅನ್ನೋದನ್ನು ನೋಡೋಣ. ಅದು ಗೊತ್ತಿಲ್ಲದೆ ನಾವು ಎರಡು ವಾರ ಹಾಳು ಮಾಡಿಕೊಂಡೆವು.

ಟ್ಯಾಂಕು ಮತ್ತು ವಾಲ್ವು

ಅಲೆಕ್ಸಾಂಡರ್ ಬೋರ್ಬೆಲಿ ಅನ್ನೋ ಸ್ವಿಟ್ಜರ್ಲೆಂಡಿನ ವಿಜ್ಞಾನಿ 1982ರಲ್ಲಿ ನಿದ್ದೆಗೆ ಒಂದು ಸರಳ ಮಾದರಿ ಕೊಟ್ಟರು. ನಾವು ನಿದ್ದೆ ಮಾಡೋದು ಎರಡು ಬೇರೆ ಬೇರೆ ಪ್ರಕ್ರಿಯೆಗಳು ಕೂಡಿಬಂದಾಗ. ಇವತ್ತಿಗೂ ನಿದ್ದೆಯ ವಿಜ್ಞಾನ ನಿಂತಿರೋದು ಹೆಚ್ಚುಕಡಿಮೆ ಇದರ ಮೇಲೆಯೇ.

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳೋದು ಸುಲಭ. ಮೊದಲನೆಯದು ಟ್ಯಾಂಕು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ತುಂಬಿಕೊಳ್ಳುತ್ತಾ ಹೋಗುತ್ತದೆ. ಅಡೆನೋಸಿನ್ ಅನ್ನೋ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾತ್ರ ಇದೆ, ಕಾಫಿ ತಡೆ ಒಡ್ಡೋದು ಅದರ ಕೆಲಸಕ್ಕೇ. ಮಲಗಿದಾಗ ಟ್ಯಾಂಕ್ ಖಾಲಿಯಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ಮಲಗಿದರೂ ಅಷ್ಟು ನೀರು ಹೊರಗೆ ಹೋಯಿತು ಅಂತಲೇ ಲೆಕ್ಕ.

ಎರಡನೆಯದು ವಾಲ್ವ್ ತಿರುಗಿಸೋಕೆ ಬರುವ ನೀರಿನವನು. ಅವನಿಗೆ ನಮ್ಮ ಟ್ಯಾಂಕಿನ ಚಿಂತೆ ಇಲ್ಲ, ಅವನು ಬರೋದು ಅವನ ಟೈಮಿಗೆ. ಇದು ಮೆದುಳಿನೊಳಗಿನ ಗಡಿಯಾರ. ಬೆಳಕನ್ನು ನೋಡಿಕೊಂಡು ದಿನಾ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಸಂಜೆ ಕತ್ತಲಾದ ಮೇಲೆ ಮೆಲಟೋನಿನ್ ಬಿಡುಗಡೆ ಮಾಡಿ 'ಇನ್ನು ಮಲಗಬಹುದು' ಅಂತ ಸೂಚನೆ ಕೊಡುತ್ತದೆ. ವಿಚಿತ್ರ ಅಂದರೆ, ಮಲಗುವ ಹೊತ್ತಿಗೆ ಎರಡು-ಮೂರು ಗಂಟೆ ಮುಂಚೆ ಇದೇ ಗಡಿಯಾರ ನಮ್ಮನ್ನು ಇನ್ನಷ್ಟು ಚುರುಕಾಗಿ ಇಡುತ್ತದೆ. ಸಂಜೆ ಏಳಕ್ಕೆ ಮಗು ಸೋಫಾ ಮೇಲೆ ಕುಣಿಯೋದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ಆ ಹೊತ್ತಿನಲ್ಲಿ 'ಸುಸ್ತಾಗಿದ್ದಾಳೆ, ಬೇಗ ಮಲಗಿಸೋಣ' ಅಂತ ಹೋದರೆ ಒಂದು ಗಂಟೆ ಕುಸ್ತಿ ಗ್ಯಾರಂಟಿ.

ಇನ್ನೊಂದು ವಿಷಯ. ರಾತ್ರಿಯಿಡೀ ಒಂದೇ ನಿದ್ದೆ ಮಾಡೋದು ಅಂತ ಒಂದಿಲ್ಲವೇ ಇಲ್ಲ. ದೊಡ್ಡವರ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ಸಣ್ಣ ಮಕ್ಕಳದ್ದು ಅದಕ್ಕಿಂತ ಚಿಕ್ಕ ಸುತ್ತು. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆಕ್ಷಣ ಎಚ್ಚರ ಆಗ್ತೀವಿ, ಮಗ್ಗಲು ಬದಲಿಸಿ ಮತ್ತೆ ಜಾರಿಕೊಳ್ತೀವಿ, ಬೆಳಗ್ಗೆ ನೆನಪೇ ಇರೋದಿಲ್ಲ. ಹಾಗಾಗಿ 'ರಾತ್ರಿಯೆಲ್ಲಾ ಮಲಗುವ ಮಗು' ಅಂದರೆ ಎಚ್ಚರ ಆಗದ ಮಗು ಅಲ್ಲ. ಎಚ್ಚರವಾದರೂ ತಾನೇ ಮತ್ತೆ ಮಲಗಿಕೊಳ್ಳುವ ಮಗು, ಅಷ್ಟೆ. ದಿಢೀರನೆ ಕೆಡೋದು ಹೆಚ್ಚಾಗಿ ಈ ಎರಡನೇ ಭಾಗ.

ಕೆಡೋದು ಯಾಕೆ?

'ಸ್ಲೀಪ್ ರಿಗ್ರೆಷನ್' ಅನ್ನೋದು ರೋಗದ ಹೆಸರಲ್ಲ. ಅಪ್ಪ-ಅಮ್ಮಂದಿರ ಮಾತಿನಿಂದ ಹುಟ್ಟಿಕೊಂಡ ಪದ. ಹಿಂದಕ್ಕೆ ಹೋಗೋದು ಅಂತ ಅದರ ಅರ್ಥ. ಆದರೆ ಆಗುತ್ತಿರೋದು ಬಹುತೇಕ ಉಲ್ಟಾ. ಒಂದೂವರೆಯಿಂದ ಎರಡು ವರ್ಷದ ನಡುವೆ ಮಗುವಿನ ಮಾತು ಹತ್ತಿಪ್ಪತ್ತು ಪದಗಳಿಂದ ಎರಡು ಪದದ ವಾಕ್ಯಗಳಿಗೆ ನೆಗೆಯುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅನ್ನೋದು ಈಗ ಅದಕ್ಕೆ ಚೆನ್ನಾಗಿ ಗೊತ್ತು. ಹಾಗಾದರೆ ಇಲ್ಲಿ ಯಾಕಿಲ್ಲ ಅನ್ನೋ ಪ್ರಶ್ನೆಯೂ ಜೊತೆಗೇ ಹುಟ್ಟುತ್ತದೆ. ಕಲ್ಪನೆ ಶುರುವಾಗುತ್ತದೆ, ಅದರ ಹಿಂದೆ ಭಯ ಬರುತ್ತದೆ. 'ಬೇಡ' ಅಂದರೆ ದೊಡ್ಡವರು ನಿಲ್ಲುತ್ತಾರೆ ಅನ್ನೋ ಮಹಾ ಸಂಶೋಧನೆ ನಡೆಯೋದೂ ಇದೇ ವಯಸ್ಸಿನಲ್ಲಿ. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಡುರಾತ್ರಿ ಎಚ್ಚರವಾದ ಮಗು ಸುಮ್ಮನೆ ಮಗ್ಗಲು ಬದಲಿಸಿ ಮಲಗಲಿ ಅಂದರೆ ಹೇಗೆ?

ಇದರ ಜೊತೆ ಹಲ್ಲು. ಎರಡನೇ ದವಡೆ ಹಲ್ಲುಗಳು ಬರೋದು ಸುಮಾರು 23 ತಿಂಗಳಿಂದ 33 ತಿಂಗಳ ನಡುವೆ. ಇದರ ಜೊತೆ ಮನೆಯ ಬದಲಾವಣೆಗಳು: ಹೊಸ ಡೇ ಕೇರ್, ಹೊಟ್ಟೆಯಲ್ಲಿ ಇನ್ನೊಂದು ಮಗು, ಊರಿಗೆ ಹೋಗಿ ಬಂದದ್ದು, ಅಜ್ಜಿ ವಾಪಸ್ ಹೋದದ್ದು, ಅಪ್ಪನ ಶಿಫ್ಟ್ ಬದಲಾದದ್ದು. ನಾಲ್ಕು ದಿನ ಜ್ವರ ಬಂದು ಎತ್ತಿಕೊಂಡೇ ಮಲಗಿಸಿದ್ದರೆ, ಜ್ವರ ಹೋದ ಮೇಲೂ ಮಗು ಅದನ್ನೇ ಕೇಳುತ್ತದೆ. ಇದು ಹಠ ಅಲ್ಲ, ಕಲಿಕೆ. ಮಲಗುವಾಗ ಏನಿತ್ತೋ ನಡುರಾತ್ರಿ ಎಚ್ಚರವಾದಾಗಲೂ ಅದೇ ಬೇಕು. ನೀವು ಹಾಸಿಗೆಯಲ್ಲಿ ಮಲಗಿ ಅಡುಗೆಮನೆಯ ನೆಲದ ಮೇಲೆ ಎಚ್ಚರವಾದರೆ ಸುಮ್ಮನೆ ಮತ್ತೆ ಮಲಗ್ತೀರಾ? ಹೆಗಲ ಮೇಲೆ ಮಲಗಿ ಚಾಪೆಯ ಮೇಲೆ ಎಚ್ಚರವಾಗೋ ಮಗುವಿನ ಸ್ಥಿತಿಯೂ ಅದೇ.

ಇನ್ನು, ನಡುರಾತ್ರಿ ಕಿರುಚಾಟವೆಲ್ಲ ಒಂದೇ ಅಲ್ಲ. ಮಲಗಿದ ಒಂದೆರಡು ಗಂಟೆಯೊಳಗೆ ಮಗು ಕಣ್ಣು ಬಿಟ್ಟುಕೊಂಡೇ ಕಿರುಚುತ್ತಾ ಬೆವರುತ್ತಾ, ಹತ್ತಿರ ಹೋದರೆ ನಿಮ್ಮನ್ನೇ ಗುರುತಿಸದೆ ಒದೆಯುತ್ತಿದ್ದರೆ, ಅದು ನಿಜವಾಗಿ ಎಚ್ಚರವೇ ಆಗಿಲ್ಲ. ಆಳ ನಿದ್ದೆಯ ನಡುವೆ ಮೆದುಳಿನ ಅರ್ಧ ಭಾಗ ಮಾತ್ರ ಎದ್ದು ಕೂತಂತೆ. ಇಂಗ್ಲಿಷಿನಲ್ಲಿ ನೈಟ್ ಟೆರರ್ ಅಂತಾರೆ. ನಮ್ಮ ಕಡೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿಕೊಂಡು ಬರೋದು ಬಹುಶಃ ಇದಕ್ಕೇ. ನೋಡೋಕೆ ಭಯಾನಕ, ಮಗುವಿಗೆ ಬೆಳಗ್ಗೆ ಏನೂ ನೆನಪಿರೋದಿಲ್ಲ. ಅಲುಗಾಡಿಸಿ ಎಬ್ಬಿಸಬಾರದು, ಬೀಳದಂತೆ ನೋಡಿಕೊಂಡು ಪಕ್ಕದಲ್ಲಿ ಕೂತರೆ ಕೆಲವೇ ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಕೆಟ್ಟ ಕನಸು ಬೇರೆ. ಅದು ಹೆಚ್ಚಾಗಿ ಬೆಳಗಿನ ಜಾವ, ಮಗು ಪೂರ್ತಿ ಎದ್ದು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ, ಆಗ ತಬ್ಬಿಕೊಳ್ಳೋದೇ ಮದ್ದು.

ಇದೆಲ್ಲ ತಾನಾಗಿ ಸರಿಹೋಗುವ ಪಟ್ಟಿ. ತಾನಾಗಿ ಸರಿಹೋಗದ ಪಟ್ಟಿಯೂ ಒಂದಿದೆ, ಅದನ್ನು 'ರಿಗ್ರೆಷನ್' ಅಂತ ತಳ್ಳಿಹಾಕೋದು ತಪ್ಪು. ಮಲಗಿಸಿದರೆ ಅಳು ಜಾಸ್ತಿ, ಎತ್ತಿಕೊಂಡರೆ ಕಡಿಮೆ, ಜೊತೆಗೆ ಜ್ವರ ಅಂದರೆ ಕಿವಿ ಸೋಂಕು ಇರಬಹುದು. ದಿನಾ ಗೊರಕೆ, ಬಾಯಿ ತೆರೆದು ಉಸಿರಾಟ, ನಡುವೆ ಉಸಿರು ನಿಂತು ಮತ್ತೆ ಎಳೆದುಕೊಂಡಂತೆ ಆಗೋದು ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪಗಾದ ಲಕ್ಷಣ ಇರಬಹುದು. ರಾತ್ರಿ ಹಿಂಭಾಗ ತುರಿಸಿಕೊಳ್ಳುತ್ತಿದ್ದರೆ ಜಂತುಹುಳ. ದಾರದಂಥ ಆ ಹುಳುಗಳು ಮೊಟ್ಟೆ ಇಡೋಕೆ ಹೊರಬರೋದು ರಾತ್ರಿ ಹೊತ್ತಿನಲ್ಲಿ. ಒಂದೇ ಥರದ ಸೆಳೆತ, ಕೈಕಾಲು ಬಿಗಿಯಾಗೋದು ಮತ್ತೆ ಮತ್ತೆ ಕಂಡರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಡಾಕ್ಟರ್ ಹತ್ತಿರ ಹೋಗಿ. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿದ್ದರೆ, ಕಲಿತಿದ್ದ ಮಾತುಗಳು ಮಾಯವಾಗುತ್ತಿದ್ದರೆ ಒಂದು ದಿನವೂ ಕಾಯಬೇಡಿ.

ಇನ್ನೊಂದು ಕಾರಣ ಕಬ್ಬಿಣದ ಅಂಶದ ಕೊರತೆ. ಇದನ್ನು ಕೇಳೋರೇ ಕಡಿಮೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದ ಮಕ್ಕಳಲ್ಲಿ ಕಾಲು ಒದೆಯುವ, ಹೊರಳಾಡುವ, ತುಂಡು ತುಂಡು ನಿದ್ದೆ ಕಾಣಿಸಿಕೊಳ್ಳಬಹುದು. ಇದು ಅಪರೂಪದ ವಿಷಯ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಶೇ 67ರಷ್ಟು ಮಕ್ಕಳಲ್ಲಿ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಮೂವರಲ್ಲಿ ಸುಮಾರು ಇಬ್ಬರಿಗೆ. ಎಲ್ಲ ರಕ್ತಹೀನತೆಯೂ ಕಬ್ಬಿಣದ್ದೇ ಅಲ್ಲ, ಆದರೂ ಸಂಖ್ಯೆ ಸಣ್ಣದಲ್ಲ. ಊಟ ಬೇಡ ಅಂತ ದಿನಕ್ಕೆ ನಾಲ್ಕು ಬಾಟಲಿ ಹಾಲು ಕುಡಿಯುವ ನಗರದ ಮಗುವೂ ಈ ಲೆಕ್ಕದೊಳಗೇ ಬರುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಹೊಟ್ಟೆ ಮಾತ್ರ ತುಂಬಿಸುತ್ತದೆ. ಸರ್ಕಾರದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಲ್ಲಿ ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ ಕೊಡಬೇಕು. ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. ಆದರೆ ಬರೀ ಅಂದಾಜಿನ ಮೇಲೆ ಅಂಗಡಿಯಿಂದ ತಂದು ಕುಡಿಸಬೇಡಿ, ಕಬ್ಬಿಣ ಹೆಚ್ಚಾದರೆ ಅದೂ ವಿಷವೇ.

ನಮ್ಮ ಶೀಟ್ ಹೇಳಿದ್ದು

ಒಂದು ವಾರದ ಲಾಗ್ ನೋಡಿದಾಗ ಮೊದಲು ಕಂಡದ್ದು ಮಧ್ಯಾಹ್ನದ ನಿದ್ದೆ. ಡೇ ಕೇರ್‌ನಲ್ಲಿ ಮಕ್ಕಳು ಜಾಸ್ತಿಯಾಗಿ ಊಟದ ಸಮಯ ಮುಂದಕ್ಕೆ ಹೋಗಿತ್ತು. ಅದರ ಹಿಂದೆ ನಿದ್ದೆಯೂ ಮೂರೂವರೆಯಿಂದ ಐದೂಕಾಲಿಗೆ ಜಾರಿತ್ತು. ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಐದೂಕಾಲಿಗೆ ಟ್ಯಾಂಕ್ ಖಾಲಿ ಮಾಡಿಕೊಂಡ ಮಗುವಿನಿಂದ ಒಂಬತ್ತೂವರೆಗೆ ನಿದ್ದೆ ಕೇಳುತ್ತಿದ್ದೆವು.

ಎರಡನೆಯದು ನಾನೇ. ನಾನು ಮನೆಗೆ ಬರುತ್ತಿದ್ದದ್ದು ಒಂಬತ್ತೂಕಾಲಿಗೆ. ದಿನವಿಡೀ ನೋಡದ ಮಗು, ಹಾಗಾಗಿ ಎತ್ತಿ ಹಾರಿಸಿ, ಟ್ಯೂಬ್‌ಲೈಟ್ ಕೆಳಗೆ ಕುಣಿದು, ಫೋನ್‌ನಲ್ಲಿ ಅಜ್ಜಿಗೆ ವಿಡಿಯೊ ಕಾಲ್. ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿಗೆ ಒಡ್ಡಿದ ಮೂರರಿಂದ ಐದು ವರ್ಷದ ಮಕ್ಕಳ ಮೆಲಟೋನಿನ್ ಸುಮಾರು ಶೇ 88ರಷ್ಟು ಕುಸಿದಿತ್ತು. ಬರೀ ಹತ್ತು ಮಕ್ಕಳ ಅಧ್ಯಯನ, ನಮ್ಮ ಟ್ಯೂಬ್‌ಲೈಟ್ ಅಷ್ಟು ಪ್ರಖರವೂ ಅಲ್ಲ. ಆದರೂ ಮಕ್ಕಳ ಕಣ್ಣಿಗೆ ನಮಗಿಂತ ಹೆಚ್ಚು ಬೆಳಕು ನುಗ್ಗುತ್ತದೆ ಅನ್ನೋದರಲ್ಲಿ ಅನುಮಾನ ಇಲ್ಲ. ವಾಲ್ವ್ ತಿರುಗಿಸೋಕೆ ಬಂದವನನ್ನು ನಾನೇ ಗೇಟಿನಿಂದ ವಾಪಸ್ ಕಳಿಸುತ್ತಿದ್ದೆ.

ಮೂರನೆಯದನ್ನು ಕಂಡುಹಿಡಿದದ್ದು ಮಕ್ಕಳ ಡಾಕ್ಟರ್. ಕೆಳಗಿನ ಎಡ ದವಡೆಯಲ್ಲಿ ಒಸಡು ಊದಿಕೊಂಡಿತ್ತು, ಹಲ್ಲು ಬರುತ್ತಿತ್ತು.

ನಾಲ್ಕನೆಯದು ನಾನು ಹಾಕದ ಒಂದು ಕಾಲಂ. ಎಂಟನೇ ದಿನ ಶೀಟ್ ತೆರೆದರೆ ಕೊನೆಯಲ್ಲಿ ಹೊಸದೊಂದು ತಲೆಬರಹ: 'ಎದ್ದದ್ದು ಯಾರು'. ಹೆಂಡತಿ ಸೇರಿಸಿದ್ದಳು, ಹಿಂದಿನ ದಿನಗಳದ್ದನ್ನೂ ನೆನಪಿನಿಂದ ತುಂಬಿದ್ದಳು. 23 ಸಲ ಮಗು ಎದ್ದಿತ್ತು. 19ರ ಮುಂದೆ ಅವಳ ಹೆಸರು. ನನ್ನ ಹೆಸರಿನ ಮುಂದೆ ನಾಲ್ಕು. ಅದರಲ್ಲೂ ಎರಡು ಶನಿವಾರದ ರಾತ್ರಿಯವು. ಬೆಳಗ್ಗೆ ಎಂಟೂಮುಕ್ಕಾಲಿಗೆ ಇಬ್ಬರೂ ಹೊರಡಬೇಕು, ಇಬ್ಬರಿಗೂ ಅದೇ ಟ್ರಾಫಿಕ್ಕು.

'ನನಗೆ ಎಚ್ಚರಾನೇ ಆಗಲ್ಲ' ಅಂದೆ. 'ನಿನ್ನೆ 3:10ಕ್ಕೆ ನಿನ್ನ ಉಸಿರು ಬದಲಾಯ್ತು, ನನಗೆ ಕೇಳಿಸ್ತು' ಅಂದಳು. ಅದು ನಿಜ. ನನಗೆ ಎಚ್ಚರವಾಗಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದೆ. ಸ್ತ್ರೀವಾದದ ಬಗ್ಗೆ ಇದೇ ಅಂಕಣದಲ್ಲಿ ಬರೆದವನು ನಾನು.

ಮಗು ಮಲಗಲಿ, ಮಿಲ್ಲು ಓಡಲಿ

ಮಗುವಿನ ನಿದ್ದೆಯನ್ನು ಮನೆಯೊಳಗಿನ ಖಾಸಗಿ ವಿಷಯ ಅಂದುಕೊಂಡವರು ಒಂದು ಶತಮಾನ ಹಿಂದಕ್ಕೆ ಹೋಗಿ ನೋಡಬೇಕು. ಮುಂಬೈನ ಹತ್ತಿ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದರು. ಬಾಲ ಗೋಲಿ ಅಂತ ಅದರ ಹೆಸರು. 1920ರ ದಶಕದ ಸರ್ಕಾರಿ ವರದಿಗಳು ಇದನ್ನು ದಾಖಲಿಸಿವೆ. ಕೈಗಾರಿಕಾ ಇಂಗ್ಲೆಂಡಿನಲ್ಲೂ ಅಫೀಮು ಬೆರೆಸಿದ ಸಿರಪ್‌ಗಳನ್ನು ಮಕ್ಕಳಿಗೆ ಹೀಗೇ ಕುಡಿಸುತ್ತಿದ್ದರು. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಗಿರಣಿಯ ಸೈರನ್ ಮಗುವಿಗೋಸ್ಕರ ಕಾಯುತ್ತಿರಲಿಲ್ಲ, ಅಷ್ಟೇ.

ಅಫೀಮು ಹೋಯಿತು, ಲೆಕ್ಕಾಚಾರ ಹೋಗಲಿಲ್ಲ. ಇವತ್ತು ಮೆಡಿಕಲ್ ಶಾಪಿನಲ್ಲಿ 'ಮಗು ಮಲಗ್ತಿಲ್ಲ' ಅಂದರೆ ಚೀಟಿ ಕೇಳದೆ ಕೈಗೆ ಬರೋದು ಕೆಮ್ಮು-ನೆಗಡಿಯ ಸಿರಪ್. ಅದರೊಳಗಿನ ಹಳೆಯ ಕಾಲದ ಅಲರ್ಜಿ ಔಷಧಿಗೆ ಮಂಪರು ತರಿಸುವ ಗುಣ ಇದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಬರೆಯಬೇಕೆಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೈಕೊಟ್ಟು ಸತ್ತರು. ಅಲ್ಲಿ ಕೊಂದದ್ದು ಕಲಬೆರಕೆ, ಮಂಪರಲ್ಲ. ಆದರೆ ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೊರಡಿಸಿದ ಸೂಚನೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿಯನ್ನೇ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂದಿತು. ಕೆಮ್ಮಿಗೇ ಬೇಡ ಅಂದಮೇಲೆ ನಿದ್ದೆಗೆ ಎಲ್ಲಿಯ ಮಾತು? ಜಾಯಿಕಾಯಿ ತೇಯ್ದು ನೆಕ್ಕಿಸೋದೂ ಅಷ್ಟೆ. ಅಜ್ಜಿಯ ಎರಡು ಸುತ್ತು ಮೊಮ್ಮಗಳ ಮನೆಗೆ ಬರೋ ಹೊತ್ತಿಗೆ ಇಪ್ಪತ್ತು ಸುತ್ತಾಗಿರುತ್ತದೆ. ಜಾಯಿಕಾಯಿ ಹೆಚ್ಚಾದರೆ ಅಮಲೇರುತ್ತದೆ, ಎದೆ ಬಡಿತ ಏರುಪೇರಾಗುತ್ತದೆ.

ಗಿರಣಿಯ ಸೈರನ್ ಈಗ ಲಾಗಿನ್ ಟೈಮ್ ಆಗಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ತಾಯಿಗೆ 26 ವಾರದ ರಜೆ ಕೊಟ್ಟಿತು, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂದಿತು. ಒಳ್ಳೆಯದೇ. ಆದರೆ ಆ ಲೆಕ್ಕದಲ್ಲಿ ಮಗು ಆರು ತಿಂಗಳಿಗೇ ರಾತ್ರಿ ಮಲಗೋಕೆ ಕಲಿತುಬಿಟ್ಟಿರಬೇಕು. ಅಪ್ಪಂದಿರ ಲೆಕ್ಕ ಅದಕ್ಕಿಂತ ಚಂದ: ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ, ಖಾಸಗಿ ಕಂಪನಿಯವನಿಗೆ ಕಾನೂನಿನಲ್ಲಿ ಒಂದೇ ಒಂದು ದಿನವೂ ಇಲ್ಲ. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವರ್ಷದವರಲ್ಲಿ ಮನೆಯವರ ಆರೈಕೆಯಲ್ಲಿ ತೊಡಗುವ ಹೆಂಗಸರು ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74 ನಿಮಿಷ. ಆರೈಕೆಗೆ ಕೈ ಹಾಕೋ ಗಂಡಸರೇ ಕಡಿಮೆ, ಹೆಂಗಸರಲ್ಲಿ ಶೇ 41 ಆದರೆ ಗಂಡಸರಲ್ಲಿ ಶೇ 21.4. ವಾರಕ್ಕೆ 70 ಗಂಟೆ ದುಡಿಯಿರಿ ಅಂತ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದಾಗ ನಾವೆಲ್ಲ ಮೀಮ್ ಮಾಡಿ ನಕ್ಕೆವು. ಆ 70 ಗಂಟೆ ದುಡಿಯೋನ ಮಗು ರಾತ್ರಿ ಎದ್ದರೆ ಯಾರು ಏಳಬೇಕು ಅಂತ ಆಗ ಕೇಳಿದ್ದು ಕೆಲವರು ಹೆಂಗಸರು ಮಾತ್ರ.

ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯ ಸರ್ಕಾರದ 'ಕೂಸಿನ ಮನೆ' ಇದೆ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಎಷ್ಟೋ ಸಲ ಇರೋದು ಪಕ್ಕದ ಮನೆಯ ಅಜ್ಜಿ. ಆ ಹತ್ತು ಬೈ ಹತ್ತು ಕೋಣೆಯಲ್ಲಿ ಅಡುಗೆ, ಟಿವಿ, ಮೈದುನನ ಫೋನು ಎಲ್ಲ ಹನ್ನೊಂದರವರೆಗೆ ನಡೆಯುತ್ತದೆ. ಅಲ್ಲಿ ಹೋಗಿ 'ಮಗುವಿಗೆ ಕತ್ತಲೆಯ ಪ್ರತ್ಯೇಕ ಕೋಣೆ ಇರಲಿ' ಅನ್ನೋ ಪುಸ್ತಕದ ಸಲಹೆ ಓದಿದರೆ ನಗು ಬರುತ್ತೆ.

ಹಾಗಾದರೆ ಏನು ಮಾಡೋದು?

ಆ ಪುಸ್ತಕಗಳು ಬಂದದ್ದು ಬೇರೆ ಥರದ ಮನೆಗಳಿಂದ. ಅಮೆರಿಕದ ರಿಚರ್ಡ್ ಫರ್ಬರ್ 1985ರಲ್ಲಿ ಬರೆದ ಪುಸ್ತಕದಿಂದ ಹೆಸರಾದ ವಿಧಾನ, ಅಳುವ ಮಗುವನ್ನು ಸಮಾಧಾನ ಮಾಡೋಕೆ ಹೋಗುವ ನಡುವಿನ ಸಮಯವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗೋದು. ಇದು ಮಗುವಿನ ಮನಸ್ಸನ್ನು ಹಾಳು ಮಾಡುತ್ತೆ ಅನ್ನೋರಿದ್ದಾರೆ, ಇದೊಂದೇ ದಾರಿ ಅನ್ನೋರೂ ಇದ್ದಾರೆ. ಆಸ್ಟ್ರೇಲಿಯಾದ ಸಂಶೋಧಕರು ಇಂಥ ಸೌಮ್ಯ ವಿಧಾನಗಳನ್ನು ಬಳಸಿದ ಕೂಸುಗಳನ್ನು ಆರನೇ ವಯಸ್ಸಿನಲ್ಲಿ ಮತ್ತೆ ನೋಡಿ 2012ರಲ್ಲಿ ಹೇಳಿದ್ದು: ದೀರ್ಘಕಾಲದ ಹಾನಿಯೂ ಇಲ್ಲ, ದೀರ್ಘಕಾಲದ ಲಾಭವೂ ಇಲ್ಲ. ಹಾಗಾಗಿ ಮಾಡಿದವರು ಅಪರಾಧಿಗಳಲ್ಲ, ಮಾಡದವರು ಸೋತವರೂ ಅಲ್ಲ. ಗೋಡೆಯಾಚೆ ಓನರ್ ಮಲಗಿರುವ ನಮ್ಮಂಥವರಿಗೆ ಅದು ಆಗುವ ಮಾತೂ ಅಲ್ಲ. ಭಾರತವೂ ಸೇರಿದಂತೆ 17 ಕಡೆಯ ಮೂರು ವರ್ಷದೊಳಗಿನ ಸುಮಾರು 29 ಸಾವಿರ ಮಕ್ಕಳ ಮಾಹಿತಿ ಇಟ್ಟುಕೊಂಡು 2010ರಲ್ಲಿ ಬಂದ ಅಧ್ಯಯನ, ಏಷ್ಯಾದ ಬಹುಪಾಲು ಮಕ್ಕಳು ಅಪ್ಪ-ಅಮ್ಮನ ಕೋಣೆ ಅಥವಾ ಹಾಸಿಗೆಯಲ್ಲೇ ಮಲಗುತ್ತಾರೆ, ತಡವಾಗಿ ಮಲಗುತ್ತಾರೆ ಅನ್ನೋದನ್ನು ತೋರಿಸಿತು. ಎರಡು ವರ್ಷದ ಮಗು ಪಕ್ಕದಲ್ಲಿ ಮಲಗೋದು ಸಮಸ್ಯೆ ಅಲ್ಲ. ಪಕ್ಕದಲ್ಲಿದ್ದು ನಾವು ಏನು ಮಾಡ್ತೀವಿ ಅನ್ನೋದು ಮುಖ್ಯ.

ನಾವು ಮಾಡಿದ್ದು ಇಷ್ಟು. ಡೇ ಕೇರ್‌ನವರಿಗೆ ಹೇಳಿ ಊಟ ಹನ್ನೆರಡೂವರೆಗೆ, ನಿದ್ದೆ ಮೂರರೊಳಗೆ ಮುಗಿಯುವ ಹಾಗೆ ಮಾಡಿಸಿದೆವು. ಅವರು ಬೇಡ ಅನ್ನಲಿಲ್ಲ, ಕೇಳಬೇಕಿತ್ತು ಅಷ್ಟೆ. ಮಧ್ಯಾಹ್ನದ ನಿದ್ದೆಯನ್ನೇ ಕಿತ್ತುಹಾಕಿದರೆ ರಾತ್ರಿ ಚೆನ್ನಾಗಿ ಮಲಗ್ತಾಳೆ ಅನ್ನೋ ಆಸೆ ನನಗಿತ್ತು, ಡಾಕ್ಟರ್ ತಡೆದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನದ್ದೂ ಸೇರಿ. ಬಹಳಷ್ಟು ಮಕ್ಕಳು ಮಧ್ಯಾಹ್ನದ ನಿದ್ದೆ ಬಿಡೋದು ಮೂರು ವರ್ಷ ದಾಟಿದ ಮೇಲೆಯೇ. ಬೆಳಗ್ಗೆ ಎಷ್ಟೇ ಕೆಟ್ಟ ರಾತ್ರಿಯಾಗಿದ್ದರೂ ಆರೂಮುಕ್ಕಾಲಿಗೆ ಎಬ್ಬಿಸಿ ಟೆರೇಸ್ ಮೇಲೆ ಬಿಸಿಲಿಗೆ ಕರೆದೊಯ್ದೆವು. ಗಡಿಯಾರ ಸರಿಯಾಗೋದು ಬೆಳಗಿನ ಬೆಳಕಿನಿಂದ.

ಸಂಜೆ ಎಂಟೂವರೆಯ ಮೇಲೆ ಟ್ಯೂಬ್‌ಲೈಟ್ ಬಂದ್, ಝೀರೋ ಬಲ್ಬ್ ಮಾತ್ರ. ಬಿಸಿನೀರಿನಲ್ಲಿ ಕೈಕಾಲು ಮುಖ, ಎಣ್ಣೆ ಕೈಯಾಡಿಸೋದು, ಒಂದೇ ಕತೆ, ಒಂದೇ ಜೋಗುಳ, ಅದೇ ಕ್ರಮ, ದಿನಾ. ಹೀಗೆ ಒಂದು ನಿಗದಿತ ಕ್ರಮ ಇದ್ದರೆ ಎರಡೇ ವಾರದಲ್ಲಿ ಮಕ್ಕಳು ಬೇಗ ಮಲಗುತ್ತಾರೆ, ಕಡಿಮೆ ಸಲ ಏಳುತ್ತಾರೆ ಅಂತ 2009ರ ಒಂದು ಅಮೆರಿಕನ್ ಅಧ್ಯಯನ ಹೇಳುತ್ತದೆ. ಅದಕ್ಕೆ ಹಣ ಕೊಟ್ಟದ್ದು ಮಕ್ಕಳ ಸೋಪು-ಎಣ್ಣೆ ಮಾರುವ ಕಂಪನಿ, ಅದನ್ನೂ ಹೇಳಿಬಿಡ್ತೀನಿ. ಕ್ರಮಕ್ಕೆ ಆ ಕಂಪನಿಯ ಎಣ್ಣೆಯೇ ಬೇಕಿಲ್ಲ. ಕೊಬ್ಬರಿ ಎಣ್ಣೆ ಸಾಕು.

ರಾತ್ರಿ ಎದ್ದಾಗಿನ ನಿಯಮ ಒಂದೇ: ಹತ್ತಿರ ಇರಬೇಕು, ಆದರೆ ಬೋರ್ ಆಗಿರಬೇಕು. ಲೈಟ್ ಇಲ್ಲ, ಮೊಬೈಲ್ ಇಲ್ಲ, ಬಾಲ್ಕನಿಗೆ ಒಯ್ದು ನಾಯಿ ತೋರಿಸೋದು ಇಲ್ಲ. ಬೆನ್ನ ಮೇಲೆ ಕೈ, 'ರಾತ್ರಿ ಕಂದ, ಎಲ್ಲಾರೂ ತಾಚಿ' ಅನ್ನೋ ಒಂದೇ ವಾಕ್ಯ. ಎತ್ತಿಕೊಂಡು ತಿರುಗೋದನ್ನು ಕೂತು ತಟ್ಟೋದಕ್ಕೆ ಇಳಿಸಿದೆವು, ಆಮೇಲೆ ತಟ್ಟೋದನ್ನೂ ಸುಮ್ಮನೆ ಕೈ ಇಡೋದಕ್ಕೆ. ಮೊದಲ ಮೂರು ರಾತ್ರಿ ಇನ್ನೂ ಕೆಟ್ಟದಾಯಿತು. ಸಿಗುತ್ತಿದ್ದದ್ದು ಸಿಗದಿದ್ದಾಗ ಯಾರಾದರೂ ಮೊದಲು ಇನ್ನಷ್ಟು ಜೋರಾಗಿ ಕೇಳ್ತಾರೆ, ಚಳವಳಿಗಳನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಸಲ ಇಲ್ಲ ಅಂದು ಐದನೇ ಸಲ ಫೋನ್ ಕೊಟ್ಟರೆ, ಐದು ಸಲ ಅಳಬೇಕು ಅಂತ ಮಗು ಕಲಿಯುತ್ತೆ. ಹಲ್ಲಿನ ನೋವು ಜೋರಾಗಿದ್ದ ಎರಡು ರಾತ್ರಿ ಮಾತ್ರ ಡಾಕ್ಟರ್ ತೂಕ ನೋಡಿ ಬರೆದುಕೊಟ್ಟಷ್ಟು ಪ್ಯಾರಾಸಿಟಮಾಲ್ ಕೊಟ್ಟೆವು. ಆ ರಾತ್ರಿಗಳಲ್ಲಿ ನಿಯಮ ಎಲ್ಲ ರದ್ದು, ಹೆಗಲ ಮೇಲೆಯೇ ಮಲಗಿದಳು.

ಬೀದಿಯ ಗದ್ದಲಕ್ಕೆ ಮಾತ್ರ ಪರಿಹಾರ ಸಿಗಲಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಶಬ್ದ 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ನಿಯಮ ಹೇಳುತ್ತೆ. ನಮ್ಮ ಕ್ರಾಸಿನಲ್ಲಿ ಬೋರ್‌ವೆಲ್ ಕೊರೆಯೋರು ಅದನ್ನು ಓದಿಲ್ಲ.

ಕೊನೆಗೆ ಪಾಳಿ. ರಾತ್ರಿ ಎರಡರವರೆಗೆ ಒಬ್ಬರು, ಎರಡರಿಂದ ಬೆಳಗಿನವರೆಗೆ ಇನ್ನೊಬ್ಬರು, ದಿನ ಬಿಟ್ಟು ದಿನ ಅದಲುಬದಲು. ಪಾಳಿ ಇಲ್ಲದವರು ಹಾಲ್‌ನಲ್ಲಿ ಚಾಪೆ ಹಾಕಿ ಬಾಗಿಲು ಮುಚ್ಚಿಕೊಂಡು ಮಲಗಬೇಕು. ಅಳು ಕೇಳಿಸಿದರೂ ಬರಬಾರದು. ಹೆಂಡತಿಗೆ ಕಷ್ಟವಾದದ್ದು ಈ ಕೊನೆಯ ಭಾಗ. 'ಅಮ್ಮಾ' ಅಂತ ಕೂಗುವಾಗ ಆಚೆ ಸುಮ್ಮನೆ ಮಲಗೋದು ನಿದ್ದೆಗೆಡೋದಕ್ಕಿಂತ ಕಷ್ಟ ಅಂದಳು. ಮಗಳಿಗೂ ನಾನು ಒಗ್ಗಲಿಲ್ಲ. ಮೊದಲ ರಾತ್ರಿ 50 ನಿಮಿಷ 'ಅಪ್ಪ ಬೇಡಾ'. ನಾಲ್ಕನೇ ರಾತ್ರಿ ಇಪ್ಪತ್ತು ನಿಮಿಷ. ಎಂಟನೇ ರಾತ್ರಿ ನನ್ನ ಮೂಗು ಹಿಡಿದುಕೊಂಡು ಮಲಗಿದಳು. ಅಮ್ಮ ಊರಿಂದ ಫೋನ್ ಮಾಡಿ 'ಗಂಡಸು ರಾತ್ರಿ ಎದ್ದು ಮಗು ತಟ್ಟೋದಾ, ಪಾಪ ಬೆಳಗ್ಗೆ ಆಫೀಸಿಗೆ ಹೋಗ್ಬೇಕಲ್ಲಪ್ಪ' ಅಂದಾಗ, ಅವಳೂ ಹೋಗ್ಬೇಕಲ್ಲಮ್ಮ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ನಾನು ಹುಟ್ಟಿದಾಗ ಹತ್ತು ತಿಂಗಳು ತಾನು ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ ಅಂತ ಹೇಳಿದರು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

ಆರನೇ ವಾರದ ಹೊತ್ತಿಗೆ ಹಲ್ಲು ಬಂತು, ಎಚ್ಚರಗಳು ರಾತ್ರಿಗೆ ಒಂದಕ್ಕೆ ಇಳಿದವು, ಕೆಲವು ರಾತ್ರಿ ಸೊನ್ನೆ. ಯಾವುದರಿಂದ ಸರಿಹೋಯಿತು ಅಂತ ಕೇಳಿದರೆ ಹೇಳೋಕಾಗಲ್ಲ. ಒಂದೇ ಸಲ ಐದು ಬದಲಾವಣೆ ಮಾಡಿದ ಪ್ರಯೋಗದಿಂದ ಕಾರಣ ಹುಡುಕಬಾರದು ಅನ್ನೋದೂ ಇಂಜಿನಿಯರಿಂಗ್ ಪಾಠವೇ. ಬಹುಶಃ ಏನೂ ಮಾಡದಿದ್ದರೂ ಎರಡು ತಿಂಗಳಲ್ಲಿ ಮಗಳು ಸರಿಹೋಗುತ್ತಿದ್ದಳೇನೋ. ಶೀಟ್ ಇನ್ನೂ ಇದೆ. ಬೇರೆ ಕಾಲಂಗಳನ್ನು ತುಂಬೋದು ಬಿಟ್ಟಿದ್ದೀವಿ, ಹೆಂಡತಿ ಸೇರಿಸಿದ್ದು ಮಾತ್ರ ನಡೀತಿದೆ. ನಿನ್ನೆ 2:10ಕ್ಕೆ ಎದ್ದಳು, ನೀರು ಕೇಳಿದಳು. ಪಾಳಿ ನನ್ನದು.